ಒಂದೇ ಎಳೆ

ಯುಗಾದಿಯ ಮಾರನೇ ಸಂಜೆ ಮಧುಗಿರಿಯಲ್ಲಿ
ಬೀದಿಗೆ ಬೀದಿಯೇ ತಾರಸಿ ಹತ್ತಿ ನಿಂತಿದೆ.
ಸಿಂಟೆಕ್ಸ್ ಟ್ಯಾಂಕಿನ ಮೇಲೆ ನನ್ನ ಅಕ್ಕನ ಮಗ ತಿಪ್ಪೇಶಿ
ಹುಬ್ಬಿಗೆ ಕೈಯಿಟ್ಟು, "ಸುಳ್ಳು, ಚಂದ್ರ ಇಲ್ಲವೇ ಇಲ್ಲ" ಅನ್ನುತ್ತಾನೆ.
ಇದ್ದಾನೆ ಮಾರಾಯ. ಒಂದೇ ಎಳೆ ಉಳಿದಿದ್ದಾನೆ.
ಆ ಎಳೆ ಹೆಂಗೆ ಉಳೀತು ಅಂತ ಹೇಳ್ತೀನಿ,
ನೀನು ಪಡುವಣದಿಂದ ಕಣ್ಣು ತೆಗೀಬೇಡ.

ಆಗ ಕೋಟೆ ಇರಲಿಲ್ಲ. ಬೆಟ್ಟ ಇತ್ತು,
ಬೋರಲು ಹಾಕಿದ ಕೊಪ್ಪರಿಗೆಯಂಥ ಒಂದೇ ಕಲ್ಲು.
ಕಲ್ಲಿನ ಹೊಟ್ಟೆಗೆ ಹೆಜ್ಜೇನು ಹುಟ್ಟಿಗಳು
ಒದ್ದೆ ಕಂಬಳಿ ಜೋತುಬಿಟ್ಟ ಹಾಗೆ, ಕಪ್ಪಗೆ.
ಚಂದ್ರ ಆಗ ದಿನಾ ದುಂಡಗೇ ಬರುತ್ತಿದ್ದ.
ಯುಗಾದಿಗೆ ಬರೀ ಬೆಲ್ಲ. ಬೇವೆಲ್ಲ ಆಡಿನ ಪಾಲು.

ಒಂದು ವರ್ಷ ಹೊಂಗೆ ಹೂ ಬಿಡುವುದನ್ನೇ ಮರೆಯಿತು.
ಹಸಿದ ರಾಣಿಜೇನು ರಾತ್ರಿ ತಲೆಯೆತ್ತಿ ನೋಡಿದರೆ
ಅಕೋ, ತುಂಬಿದ ಹುಟ್ಟಿ! ಕಾವಲೂ ಇಲ್ಲ!

    ಗುಂಯ್ಯಿ ಗುಂಯ್ಯಿ ಗುಡ್ಡದ ನೆತ್ತಿ,
    ಬಾನಿನ ಕೊಂಬೆಗೆ ಬೆಳ್ಳನೆ ಹುಟ್ಟಿ,
    ಇವತ್ತೊಂದು ನೆಕ್ಕು, ನಾಳೆಗೊಂದು ನೆಕ್ಕು,
    ಖಾಲಿಯಾದ ಮೇಲೆ ದೇವರೇ ದಿಕ್ಕು!

ಮೊದಲ ರಾತ್ರಿ ಅಂಚು ಹೋಯಿತು. ಐದನೆಯದಕ್ಕೆ ಕೆನ್ನೆ.
ಹನ್ನೊಂದಕ್ಕೆ ಮೂಗು.
ದೊಡ್ಡವರು ನೋಡಿ, "ಮೋಡ ಇರಬೇಕು" ಅಂದು
ಕಂಬಳಿ ಎಳೆದುಕೊಂಡರು.

ಕದುರಿಗೆ ನಿದ್ದೆ ಬರಲಿಲ್ಲ.
ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು.
ಅವಳಣ್ಣ ಓಬಳೇಶ ಕೊಳ್ಳಿ ಹಿಡಿದು ಬಂದ: "ಹೊಗೆ ಹಾಕೋಣ."
"ಹೊಗೆಗೆ ಚಂದ್ರಾನೂ ಕರ್ರಗಾಗ್ತಾನೆ ಕಣೋ, ದಡ್ಡ."
ಹೀಗಂದು ಬೆರಳು ಬಾಯಿಗಿಟ್ಟಳು,
ಥೂ ಅಂತ ಉಗಿದಳು.
ಚೀಪೋದು ಬಿಡಲಿ ಅಂತ ಅವ್ವ ಹಚ್ಚಿದ್ದ ಬೇವು!
ಉಗಿದವಳು ಹಾಗೇ ನಿಂತಳು.
ಆಮೇಲೆ ಓಡಿದಳು.

ಲಂಗದ ಮಡಿಲಿಗೆ ಬೇವಿನ ಚಿಗುರು, ಹೂವು.
ಬೇವು ಚಂದ್ರನಿಗೆ ಅಂಟಬೇಕಲ್ಲ,
ಅದಕ್ಕೆ ಒಂದಚ್ಚು ಬೆಲ್ಲ.
(ಸುಖ, ದುಃಖ ಅನ್ನೋದೆಲ್ಲ ದೊಡ್ಡವರು ಆಮೇಲೆ ಸೇರಿಸಿದ್ದು.)

ಬಂಡೆಯಲ್ಲಿ ಮೆಟ್ಟಿಲಿಲ್ಲ. ಒಂದು ಮುದಿ ಉಡ ಮಲಗಿತ್ತು.
"ಚೂರು ಬೆಲ್ಲ ಕೊಟ್ಟರೆ ಬಾಲ ಕೊಡ್ತೀನಿ."
ಅದರ ಬಾಲ ಕದುರಿ, ಕದುರಿಯ ಲಂಗ ಓಬಳೇಶ.
ಉಡ ಉಗುರೂರಿದ ಕಡೆಯೆಲ್ಲ ಕಚ್ಚು ಬಿತ್ತು;
ಇವತ್ತಿಗೂ ಆ ಕಚ್ಚಿಗೇ ಕಾಲಿಟ್ಟು
ಮಂದಿ ಸೆಲ್ಫಿ ತೆಗೆಯೋಕೆ ಹತ್ತೋದು.

ನೆತ್ತಿಯಲ್ಲಿ ಚಂದ್ರ ಕೈಗೆಟುಕುವಷ್ಟು ತಗ್ಗಿನಲ್ಲಿದ್ದ,
ಉಗುರಿನಷ್ಟು, ನಡುಗುತ್ತಾ.
ಓಬಳೇಶನ ಹೆಗಲೇರಿ ಕದುರಿ ಸವರಿದಳು,
ಅವ್ವ ಹೇಗೆ ಬೆರಳಿಗೆ ಸವರುತ್ತಾಳೋ ಹಾಗೆ,
ಒಂದು ಕೊನೆಯಿಂದ ಇನ್ನೊಂದು ಕೊನೆವರೆಗೆ.

ರಾಣಿ ಬಂದು ನೆಕ್ಕಿತು. ಮುಖ ಕಿವುಚಿತು.
"ಇದೇನೇ ಹುಡುಗಿ?"
"ಅರ್ಧ ಸಿಹಿ" ಅಂದಳು ಕದುರಿ. ಸುಳ್ಳಲ್ಲ.
ರೇಗಿದ ಒಂದು ಜೇನು ಅವಳ ಕಿವಿಗೆ ಕಚ್ಚಿತು,
ಅಳು ಬಂತು, ಆದರೂ ಮಡಿಲು ಬಿಚ್ಚಿ ತೋರಿಸಿದಳು:
"ಹಸಿವಾದರೆ ಈ ಹೂವು ನೋಡಿ. ತಳದಲ್ಲಿ ಒಂದೇ ಒಂದು ಹನಿ ಇದೆ."
ರಾಣಿ ಮೂತಿ ಇಳಿಸಿತು.
ತುಂಬಾ ಹೊತ್ತು ಮೇಲೇಳಲಿಲ್ಲ.

ಉಳಿದ ಎಳೆ ಹದಿನೈದು ದಿನಕ್ಕೆ ದುಂಡಗಾಯಿತು.
ಜೇನಿಗೆ ಚಟ; ಇವತ್ತಿಗೂ ತಿಂಗಳಿಗೊಮ್ಮೆ ನೆಕ್ಕುತ್ತಾವೆ,
ಕಹಿ ಸಿಕ್ಕ ಕಡೆ ನಿಲ್ಲಿಸುತ್ತಾವೆ.

"ಇಳಿದ್ರಾ ಅವರು?" ಕೇಳಿದ ತಿಪ್ಪೇಶಿ.
ಇಳಿಯೋದು ನಾನು ಯೋಚಿಸಿರಲಿಲ್ಲ.
ಬೆಟ್ಟ ನೋಡಿದೆ. ಕಪ್ಪಾಗುತ್ತಿತ್ತು.
ಅಷ್ಟರಲ್ಲಿ ಪಕ್ಕದ ತಾರಸಿಯ ಪುಟ್ಟಹೊನ್ನಮ್ಮ ಕೂಗಿದಳು,
"ಕಂಡ! ಕಂಡ! ಟವರಿನ ಎಡಕ್ಕೆ!"
ಬೀದಿಯೆಲ್ಲ ಕೈ ಮುಗಿಯಿತು.
ತಿಪ್ಪೇಶಿ ಕಣ್ಣು ಕಿರಿದು ಮಾಡಿ ನೋಡಿಯೇ ನೋಡಿದ,
"ಹ್ಞೂಂ, ಸವರಿದ ಬೆರಳಿನ ಗುರುತೂ ಇದೆ" ಅಂದ,
ಟ್ಯಾಂಕಿನಿಂದ ಧುಮುಕಿ ನನ್ನ ಕಾಲಿಗೆ ಬಿದ್ದು
ಅಂಗೈ ಚಾಚಿದ: ಇಪ್ಪತ್ತು ರೂಪಾಯಿ.