ಮಿತ್ರನ ಹಾಯಿ

ದೊಡ್ಡ ಯುದ್ಧ ಮುಗಿದ ಮರುವರ್ಷ
ಸೋಣ ತಿಂಗಳ ಕಡೆಯಲ್ಲಿ, ಕಡಲು ಬಾಗಿಲು ತೆರೆಯುವ ಮುಂಚೆ
ನಾಲ್ಕು ಬೀಡಿನವರು ಬೊಕ್ಕಪಟ್ಣದ ಉಗ್ರಾಣದಲ್ಲಿ ಸೇರಿದರು.
ಅರಮನೆಯಲ್ಲಿ ಯಾಕಲ್ಲ ಎಂದರೆ
ಯಾರ ಅರಮನೆ ಎಂಬುದೇ ಇತ್ಯರ್ಥವಾಗಲಿಲ್ಲ.
ಒಳಗೆ ಕರಿಮೆಣಸಿನ ಘಾಟು.
ಹೋದ ವರ್ಷ ಕೂಡಿ ಕಾದಿದವರೂ
ಎದುರುಬದುರು ನಿಂತು ಕಾದಿದವರೂ
ಒಂದೇ ಥರ ಸೀನುತ್ತಿದ್ದರು.

ನಾನು ಸೇನಬೋವ. ಓಲೆಗೆ ಕಂಠ ಊರಿ ಕೂತವನು.
ಮೊದಲ ದಿನವಿಡೀ ಹೆಸರಿನ ಸರದಿ:
ಯಾರದು ಮೇಲೆ, ಯಾರದು ಕೆಳಗೆ.
ಸಂಜೆಗೆ ಬೇಸತ್ತು, ಓಲೆಯನ್ನು ದುಂಡಗೆ ಬಾಗಿಸಿ
ಬಳೆಯ ಹಾಗೆ ಬರೆ ಎಂದರು.
ತಾಳೆಗರಿ ಸೀಳಿತು.

ಎರಡನೆಯ ದಿನ ಬೆಂಕಿಯ ಮಾತು.
ಕಾಪುವಿನ ಬಂಡೆಯಲ್ಲಿ ಉರಿ ಕಂಡರೆ ಸುರತ್ಕಲ್ಲಿನ ಗುಡ್ಡೆ ಹಚ್ಚಬೇಕು,
ಅದನ್ನು ಕಂಡು ಕದ್ರಿ, ಕದ್ರಿಯನ್ನು ಕಂಡು ಸೋಮೇಶ್ವರ.
ಒಂದು ಉರಿಯೆಂದರೆ ಹಾಯಿ ಕಂಡಿದೆ,
ಎರಡೆಂದರೆ ಹತ್ತಿರ ಬಂದಿದೆ,
ಮೂರಕ್ಕೆ ಹೆಂಗಸರು ಮಕ್ಕಳು ಹೊಳೆದಾರಿ ಹಿಡಿದು ಒಳನಾಡಿಗೆ.
ಇದೆಲ್ಲ ಸಲೀಸು. ಎಣ್ಣೆಯದು ಸಲೀಸಲ್ಲ.
ಗುಡ್ಡೆಯೊಂದಕ್ಕೆ ರಾತ್ರಿಗೆ ಹನ್ನೆರಡು ಕುಡ್ತೆ ಹೊನ್ನೆಣ್ಣೆ.
"ಗುಡ್ಡೆ ನಮ್ಮದು, ನೋಡುವ ಕಣ್ಣು ನಿಮ್ಮದು, ಎಣ್ಣೆ ಯಾರದು?"
ಎಂದ ಪಾಯಣ್ಣ ಹೆಗ್ಗಡೆ.
ಅದೇ ಗುಡ್ಡೆಯ ಬುಡದಲ್ಲಿ ಅವನ ಮಗ ಬಿದ್ದದ್ದು,
ಎದುರಿಗೆ ಕೂತವರ ಬಾಣಕ್ಕೆ.
ಎದುರಿಗೆ ಕೂತವರು ನೆಲ ನೋಡಿದರು.
ಸ್ವಲ್ಪ ಹೊತ್ತಿಗೆ ಎಣ್ಣೆ ಅರ್ಧರ್ಧ ಎಂದಾಯಿತು.
ಯಾಕೆ ಒಪ್ಪಿದರೆಂದು ಬರೆಯಲು ಓಲೆಯಲ್ಲಿ ಜಾಗವಿರಲಿಲ್ಲ.

ಶತ್ರುವಿನ ಹಡಗಿನ ಗುರುತಿಗೇ ಹನ್ನೆರಡು ಸಾಲು:
ಮೂರು ಪಾಯಿಮರ, ಚೌಕದ ಹಾಯಿ,
ಎರಡೂ ಮಗ್ಗುಲಲ್ಲಿ ಫಿರಂಗಿಯ ಕಿಂಡಿ,
ಹಿಂಬದಿ ಕೋಟೆಯ ಹಾಗೆ ಎತ್ತರ.
ಬಾಗಿಲ ಬಳಿ ಬಲೆ ಹೆಣೆಯುತ್ತಿದ್ದ ದೂಮ ಮರಕಾಲ
ತಲೆ ಎತ್ತದೆ ಕೇಳಿದ: "ನಮ್ಮವರದ್ದು ಹೇಗಿರ್ತದೆ?"
ನಗು ಎದ್ದಿತು. ನಮ್ಮವರು ನಮಗೆ ಗೊತ್ತಾಗುವುದಿಲ್ಲವೇ!
ಅರಗು ಕಾದಿತ್ತು. ಮುದ್ರೆ ಒತ್ತಿದರು.

ಅಮಾಸೆಯ ಇರುಳು.
ಕಾಪುವಿನಲ್ಲಿ ಒಂದು. ಸುರತ್ಕಲ್ಲಿನಲ್ಲಿ ಒಂದು.
ಕದ್ರಿಯವನು ನಿದ್ದೆಗಣ್ಣಿನಲ್ಲಿ ಎರಡು ಹಚ್ಚಿದ.
ಸೋಮೇಶ್ವರ ಮುಟ್ಟುವಾಗ ಮೂರಾಗಿತ್ತು.
ನಾಲ್ಕು ಬೀಡಿನ ದೋಣಿಗಳು ಮೊದಲ ಬಾರಿ ಒಟ್ಟಿಗೆ
ಒಂದನ್ನೊಂದು ಹಾಯದೆ, ಉರಿಬಾಣ ಹಿಡಿದು, ಅಳಿವೆ ದಾಟಿದವು.
ನಾನು ಬರೆದ ಯಾವ ಓಲೆಯೂ
ಅಷ್ಟು ಚೆನ್ನಾಗಿ ನಡೆದದ್ದಿಲ್ಲ.

ಹಡಗು ಗಂಗೊಳ್ಳಿಯಿಂದ ಬಂದದ್ದು.
ಏಳನೆಯ ಸಾಲಿನ ಪ್ರಕಾರ
ಬಡಗಣ ಮಿತ್ರರು ಕಳಿಸಬೇಕಿದ್ದ ಎಂಬತ್ತು ಮೂಟೆ ಪೆಟ್ಲುಪ್ಪು.
ಹೇಳಿದ ದಿನಕ್ಕಿಂತ ನಾಲ್ಕು ದಿನ ಮೊದಲೇ.
ಯುದ್ಧದಲ್ಲಿ ಗೆದ್ದು ತಂದ ಹಡಗು,
ಹಾಗಾಗಿ ಮೂರು ಪಾಯಿಮರ, ಚೌಕದ ಹಾಯಿ.
ಪೋಕರ್ ತಂಡೇಲ ಕಟಕಟೆಗೆ ಬಂದು ಕೈ ಬೀಸಿದನಂತೆ,
ಇಷ್ಟು ದೋಣಿ ಸ್ವಾಗತಕ್ಕೆ ಬಂದಿವೆ ಎಂದುಕೊಂಡು.
ಪೆಟ್ಲುಪ್ಪು ಉರಿಯುವ ಬೆಳಕಿಗೆ
ಉಳ್ಳಾಲದ ಕೋಳಿಗಳು ಕೂಗಿದವು.

ಮತ್ತೆ ಅದೇ ಉಗ್ರಾಣ, ಅದೇ ಓಲೆಯ ಕಟ್ಟು.
ತಂಡೇಲನ ಮನೆಗೆ ಕೊಡಬೇಕಾದದ್ದು ನಾಲ್ಕು ಪಾಲು ಎಂದಾಯಿತು;
ಹೆಗ್ಗಡೆ ತನ್ನ ಪಾಲನ್ನು ಅಲ್ಲೇ ಎಣಿಸಿಟ್ಟ.
ಮಿತ್ರನ ಗುರುತೇನು?
ಬಿಳಿ ಬಾವುಟ ಎಂದರೊಬ್ಬರು. ಅದನ್ನು ಯಾರೂ ಕಟ್ಟಬಹುದು.
ಗುಟ್ಟಿನ ಮಾತು ಎಂದರೆ, ಅದು ಮಾರಾಟಕ್ಕುಂಟು.
ಯಾರಿಗೋ ನೆನಪಾಗಿ ದೂಮನನ್ನು ಕರೆಸಿದರು.
ಕತ್ತಲಲ್ಲಿ ದೋಣಿ ಎದುರಾದರೆ ನೀವೇನು ಮಾಡುತ್ತೀರಿ?

"ಇವತ್ತು ಬಂಗುಡೆ ಎಷ್ಟು ಸಿಕ್ಕಿತು ಅಂತ ಕೂಗ್ತೇವೆ.
ಸಿಕ್ಕಿದ್ದರ ಅರ್ಧ ಹೇಳಿದರೆ ನಮ್ಮವ."

ಕಂಠ ಹಿಡಿದು ಕಾದೆ, ಬರೆಯಲೋ ಬೇಡವೋ ಎಂದು.
ಆ ಹೊತ್ತು ಯಾರೂ ಸೀನಲಿಲ್ಲ.