ಎಡಕ್ಕೆ ವಾಲಿದ ಮೂಲೆ

ನಂದು ಜೇಬಿನ ಕೆಲಸ.
ಕೌಲ್ ಬಜಾರಿನ ಓಣಿಯೊಳಗೆ, ಕಾದ ತಗಡಿನ ಕೆಳಗೆ
ಹದಿನೆಂಟು ಮಿಷನ್ನು. ಒಬ್ಬಳಿಗೆ ಜಿಪ್ಪು, ಒಬ್ಬಳಿಗೆ ಸೊಂಟಪಟ್ಟಿ,
ನನಗೆ ಕುಂಡಿ ಮೇಲಿನ ಎರಡು ಜೇಬು.
ಇಡೀ ಪ್ಯಾಂಟು ಅಂತ ಒಂದನ್ನೂ ನಾನು ಹೊಲಿದವಳಲ್ಲ.
ಸಂಜೆ ಅನ್ನ ಕಲಸಿದರೆ
ಅನ್ನಕ್ಕೂ ಒಂಚೂರು ನೀಲಿ.

ಲೇಬಲ್ಲುಗಳು ಎಲ್ಲಿಂದಲೋ ಕಟ್ಟುಕಟ್ಟಾಗಿ ಬರುತ್ತವೆ,
ನಾಲಿಗೆ ಹೊರಳದ ಹೆಸರು.
ಹಚ್ಚುವವಳು ಹುಲಿಗೆಮ್ಮ. ಅಕ್ಷರ ಬಾರದು,
ಇವತ್ತಿನವರೆಗೆ ಒಂದೂ ತಲೆಕೆಳಗಾಗಿ ಹಚ್ಚಿಲ್ಲ.
ಹೆಂಗಕ್ಕಾ ಅಂದರೆ,
"ಕುದುರೆ ಕಾಲು ಕೆಳಗೆ ಇರಬೇಕಲ್ಲ" ಅನ್ನುತ್ತಾಳೆ.

ಹೋದ ಬೇಸಿಗೆ ಒಬ್ಬ ಬಂದ, ಟ್ರೇನಿಂಗು ಕೊಡಲಿಕ್ಕೆ.
ಇಸ್ತ್ರಿ ಅಂಗಿ, ಕೊರಳಲ್ಲಿ ಕಾರ್ಡು.
ಕರೆಂಟು ಹೋಗಿತ್ತು, ಅದಕ್ಕೇ ಕೇಳಿಸಿಕೊಂಡೆವು.
"ನೀವು ಒಬ್ಬೊಬ್ಬರೂ ಒಂದೊಂದು ಬ್ರಾಂಡು" ಅಂದ.
"ಇನ್ನೊಬ್ಬರಲ್ಲಿ ಇಲ್ಲದ್ದು ನಿಮ್ಮಲ್ಲಿ ಏನಿದೆ, ಬರೆಯಿರಿ."
ಹಾಳೆ ಹಂಚಿದ. ಅದರಲ್ಲೇ ಗಾಳಿ ಬೀಸಿಕೊಂಡೆವು.
"ನಂಗೆ ಮೂರು ಸೊಸೇರು,
ಮೂರೂ ಜನ ನನ್ ಜೊತೆ ಮಾತಾಡ್ತಾರೆ, ಬರ್ಕಳ್ರಿ" ಅಂದಳು ಹುಲಿಗೆಮ್ಮ.
ತಗಡು ಹಾರುವಂತೆ ನಕ್ಕೆವು.
ಅವನೂ ನಕ್ಕ ಪಾಪ, ಬೆವರು ಒರೆಸಿಕೊಳ್ಳುತ್ತ.

ನಾನು ಮಾತ್ರ ಹಾಳೆ ಮಡಚಿ ರವಿಕೆಯೊಳಗಿಟ್ಟೆ.
ಯಾಕೆಂದರೆ ನನ್ನ ಜೇಬಿಗೊಂದು ಮೂಲೆ ಇದೆ.

ಹನ್ನೊಂದು ವರ್ಷದ ಹಿಂದೆ
ಸೂಜಿ ಬಲಗೈಯ ತೋರುಬೆರಳು ತೂರಿ ಹೋಯಿತು.
ಮೂರನೇ ದಿನ ಮತ್ತೆ ಬಂದು ಕೂತೆ.
ಅಂದಿನಿಂದ ಆ ಬೆರಳು ಮಡಚುವುದಿಲ್ಲ;
ತಿರುವಿನಲ್ಲಿ ಬಟ್ಟೆಯನ್ನು ಅಂಗೈಯಿಂದ ನೂಕಬೇಕು,
ನೂಕಿದರೆ ಮೂಲೆ ಎಳ್ಳುಕಾಳಿನಷ್ಟು ಎಡಕ್ಕೆ ವಾಲುತ್ತದೆ.
ಬಿಚ್ಚದಿರಲಿ ಅಂತ ಅಲ್ಲಿ ನಾಲ್ಕು ಟಾಕಿ ಜಾಸ್ತಿ ಓಡಿಸುತ್ತೇನೆ.
ಮಿಕ್ಕವರದು ಎರಡೇ.

ಮೊದಮೊದಲು ಅದೇ ನನ್ನ ಕಳ್ಳಗುರುತು.
ಚೆಕ್ಕಿಂಗಿನ ಎರ್ರಿಸ್ವಾಮಿ ರಾಶಿಯೊಳಗಿಂದ ಎಳೆದು
"ಇದು ಮಾಬುನ್ನಿ ಕೈ!" ಅಂತ ಬಿಸಾಡುತ್ತಿದ್ದ.
ಬೇರೆಯವರ ತಪ್ಪು ರಾಶಿಯಲ್ಲಿ ಬೆರೆತು ಸಾಗಿಹೋಗುತ್ತಿತ್ತು,
ನನ್ನದು ವಿಳಾಸ ಹಿಡಿದು ಹುಡುಕಿಕೊಂಡು ಬರುತ್ತಿತ್ತು.
ಶನಿವಾರದ ಬಟವಾಡೆಯಲ್ಲಿ ಮುರಿಯುತ್ತಿದ್ದರು.
ಗುರುತು ಇರುವುದೆಂದರೆ
ಸಿಕ್ಕಿಬೀಳುವುದು ಅಂತಲೇ ತಿಳಿದಿದ್ದೆ.

ಆಮೇಲೆ ಸೋಲಾಪುರದ ಪಾರ್ಟಿ ಫೋನು ಮಾಡಿದನಂತೆ:
ಎಲ್ಲಾ ಜೇಬು ಕಿತ್ತು ಬಂದವು, ಮೂಲೆ ವಾಲಿದವು ಮಾತ್ರ ಜಪ್ಪಯ್ಯ ಅನ್ನಲಿಲ್ಲ,
ಅವನ್ನೇ ಕಳಿಸಿ.
ಸಾಹುಕಾರ ಗಾದಿಲಿಂಗಪ್ಪ ಇದನ್ನು ನನಗೆ ಹೇಳಲಿಲ್ಲ.
ಚಹಾದ ಹುಡುಗ ಹೇಳಿದ.

ಅವತ್ತು ರಾತ್ರಿ ಹಾಳೆ ಬಿಚ್ಚಿದೆ.
ಕೈಗುಣ, ಅಂತ ಬರೆದೆ. ಹೊಡೆದು ಹಾಕಿದೆ.
ಕೈಗುಣ ಅಂದರೆ ಲೆಕ್ಕ ಮೇಲಿನವನ ಖಾತೆಗೆ ಹೋಗುತ್ತದೆ,
ಕೂಲಿ ಏರುವುದಿಲ್ಲ.
ಅದರ ಕೆಳಗೆ, ಜೇಬಿಗೆ ಒಂದೂವರೆ ರೂಪಾಯಿ ಜಾಸ್ತಿ, ಅಂತ ಬರೆದು
ಬೆಳಿಗ್ಗೆ ಸಾಹುಕಾರನ ಗಲ್ಲೆಯ ಮೇಲಿಟ್ಟೆ.

"ಸೊಟ್ಟ ಹೊಲಿಗೆಗೆ ಜಾಸ್ತಿ ರೊಕ್ಕ ಕೇಳ್ತೀಯೇನು?"
"ನಾಳೆಯಿಂದ ನೆಟ್ಟಗೆ ಹೊಲೀಲೇನು?"
ಫ್ಯಾನು ನೋಡಿದ.
ಕಿಟಕಿಯಾಚೆ ಕೋಟೆಗುಡ್ಡ ನೋಡಿದ, ಅಲ್ಲೇನೋ ಬರೆದಂತೆ.
ಮುಕ್ಕಾಲು ರೂಪಾಯಿಗೆ ಬಂದು ನಿಂತ.

ಮೊನ್ನೆ ಬೆಂಗಳೂರು ರಸ್ತೆಯಲ್ಲಿ ಮಗಳಿಗೆ ಚಪ್ಪಲಿ ನೋಡುವಾಗ
ಪಕ್ಕದಂಗಡಿ ಬಾಗಿಲಿಗೆ ನೇತುಬಿಟ್ಟ ಪ್ಯಾಂಟು, ಬೆನ್ನು ನನ್ನ ಕಡೆ.
ಎಡಕ್ಕೆ ವಾಲಿದ ಮೂಲೆ!
ಎದೆ ಹಾರಿತು. ಹೋಗಿ
ಮಡಚದ ಬೆರಳಿನಿಂದಲೇ ಸವರಿದೆ.

ಮೂರೇ ಟಾಕಿ. ದಾರ ಸಡಿಲ.

ಯಾರೋ, ಇದೇ ಊರಲ್ಲಿ,
ಗಟ್ಟಿಮುಟ್ಟು ಬೆರಳಿನವರು
ಬೇಕಂತಲೇ ಸೊಟ್ಟ ಹೊಲಿಯುತ್ತಿದ್ದಾರೆ.

ಸಿಟ್ಟು ಬಂತು. ಅರ್ಧ ದಾರಿಗೆ ನಿಂತಿತು.
"ಅಮ್ಮೀ, ಯಾಕ್ ನಗ್ತೀಯ?"
"ನಂದು ಡೂಪ್ಲಿಕೇಟು ಬಂದೈತೆ ಬೇಟಾ, ಬಜಾರಿಗೆ."

ಸೋಮವಾರದಿಂದ ಐದು ಟಾಕಿ.
ಐದನೆಯದು ಎಲ್ಲಿ ಅಂತ
ಹುಲಿಗೆಮ್ಮನಿಗೂ ಹೇಳಿಲ್ಲ.