ನಿಂತಂಗ ತಿರುಗೋದು

ಪಂಪಿನ ಮೋಟಾರು ಕಟ್ಟಾಕಿ ನಾನು.
ಐದು ಎಚ್‌ಪಿ, ಏಳೂವರಿ,
ಸುಟ್ಟ ವಾರ್ನಿಶ್ ವಾಸನಿ ಮ್ಯಾಲ
ಎಷ್ಟು ತಾಸು ಓಡಿ ಸತ್ತದ್ದು ಅಂತ ಹೇಳತೀನಿ.
ಮೋನಪ್ಪ ರಾಂಪುರ ಟಾವೆಲಿನ್ಯಾಗ ಸುತ್ತಿ
ಕೂಸು ತಂದಂಗ ತಂದದ್ದು
ಅಂಗೈಯಗಲದ ಮೋಟಾರು.
"ತಿರಗತೈತಿ ತಂಗಿ. ಆದ್ರ ಓದವಲ್ದು."

ಗುಳೇದಗುಡ್ಡದಾಗ ಖಣದ ಕಾರ್ಡಿಗೆ ತೂತು ಹೊಡಿಯೋ
ಇಂಥಾ ಮಷೀನು ಇವನದೊಂದ ಉಳದದ್ದು.
ಫ್ಲಾಪಿ ಓದಿದ್ರ ತೂತು,
ತೂತು ಸರಿ ಬಿದ್ರ ಮಗ್ಗದಾಗ ಹೂವು.
ಚೀಟಿ ಮ್ಯಾಲ ತೀರಿಹೋದ ಗ್ಯಾನಪ್ಪನ ಅಕ್ಷರ:
ಆನಿಹೆಜ್ಜಿ, ಸಣ್ಣದು. ಮುಟ್ಟಬ್ಯಾಡ್ರಿ.

ಬಿಚ್ಚಿದೆ. ಬೆಲ್ಟು ಹಳೇ ಚಡ್ಡಿ ಇಲಾಸ್ಟಿಕ್ಕಿನಂಗ ಸಡ್ಲ.
ಟೇಪರಿಕಾರ್ಡರಿನ ಬೆಲ್ಟು ಹಾಕಿದೆ.
ನಿಮಿಷಕ್ಕ ಮುನ್ನೂರು ಸುತ್ತು ಬೇಕು;
ಮೂರು ನಾಕು ಆಚೀಚಿ ನಡೀತೈತಿ, ಹತ್ತು ನಡಿಯಂಗಿಲ್ಲ.
ಪಂಪಾದ್ರ ನೀರು ಹೇಳತೈತಿ,
ಇದು ಬಾಯಿ ಬಿಡವಲ್ದು.

ಬುಡದ ಗಾಲಿ ಮ್ಯಾಲ ಕರಿ ಗೀಟು, ಎರಡು ಬಳಿ:
ಒಂದು ನಮ್ಮ ಐವತ್ತರ ಕರೆಂಟಿಗೆ,
ಒಂದು ಅರವತ್ತರ ದೇಶದವ್ರಿಗೆ.
ಬೆಳಕಿನಡಿ ಹಿಡದು ಸ್ಕ್ರೂ ತಿರುವಬೇಕು,
ಗೀಟು ನಿಂತಂಗ ಕಂಡ್ರ ವೇಗ ಸರಿ.

ಮಧ್ಯಾಹ್ನತನಕ ತಿರುವಿದೆ. ನಿಲ್ಲಲೇ ಇಲ್ಲ,
ಬರೇ ಬೂದಿ ಬಳದಂಗ.
ಆಮ್ಯಾಲ ತಲಿ ಎತ್ತಿ ನೋಡಿದೆ:
ಹ್ವಾದ ದೀಪಾವಳಿಗೆ ಹಾಕಿಸಿದ ಎಲ್‌ಇಡಿ,
ಕಣ್ಣು ಪಿಳುಕಿಸದ ಬೆಳಕು.
ಪಿಳುಕೋದು ಬೇಕಿತ್ತು ನನಗ.

ಎದುರಿನ ಗಿರಣಿ ಖಾಜಾಬಿ ಅಟ್ಟದ ಮ್ಯಾಲಿಂದ
ಚೋಕು ಸ್ಟಾರ್ಟರು ಸಮೇತ ಟ್ಯೂಬು ಇಳಿಸಿದ್ಳು,
ಮೈತುಂಬ ಜೋಳದ ಹಿಟ್ಟು.
ಎರಡು ಸಲ ಕಣ್ಣುಹೊಡದು, ಗುಂಯ್ ಅಂದು, ಹತ್ತಿತು.

ಗೀಟು ಹಿಂದಕ್ಕ ನಡದವು.
ಕೂದಲೆಳಿಯಷ್ಟು ತಿರುವಿದೆ. ಮುಂದಕ್ಕ.
ಅರ್ಧ ಕೂದಲು ವಾಪಸ್.
ನಿಂತವು.
ಸೆಕೆಂಡಿಗೆ ಐದು ಸಲ ಸುತ್ತೋದು
ಅಂಗಳದ ರಂಗೋಲಿ ಆಗಿ ಕುಂತಿತ್ತು.
ಮೋನಪ್ಪ ಬೆರಳು ಚಾಚಿದ.
"ಮುಟ್ಟಬ್ಯಾಡ್ರಿ" ಅಂದೆ.
ಯಾರ ದನಿ ಕೇಳಿತೋ, ಕೈ ಕಿಸೆದಾಗ ಇಟಗೊಂಡ.

ಹೆಡ್ಡು ಕಟಕಟ ಹಿಂದ ಸರದು ಸೊನ್ನಿ ಹುಡುಕಿ
ಅಲ್ಲಿಂದ ಸಾಲು ಹಿಡೀತು.
ಕಾಗದದ ಚುಕ್ಕಿ ನೆಲಕ್ಕ ಸುರದವು.
ಸಂಜಿಗೆ ಕಾರ್ಡು ಬೆಳಕಿಗೆ ಹಿಡದು ಎಣಿಸಿದ:
ನಾಕು ಹೆಜ್ಜಿ ಪೂರಾ, ಐದನೇದಕ್ಕ ಒಂದು ಉಗುರಿಲ್ಲ.
"ಇರ್ಲಿ ಬಿಡು. ಕುಂಟಂಗಿಲ್ಲ ಆನಿ."

ಬೆಲ್ಟಿಗೆ ಮೂವತ್ತು ತೊಗೊಂಡೆ.
ಟ್ಯೂಬು ಇನ್ನೂ ನನ್ನ ಹಂತೇಕ ಐತಿ.
ಖಾಜಾಬಿ ಕೇಳಿಲ್ಲ.